ಬಾಡಿಗೆ ಮನೆಯ ವಿಳಾಸದಿಂದ ಗೃಹಸಾಲದ ಅರ್ಜಿ

ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿಳಿದು ವಾಲ್‌ಟ್ಯಾಕ್ಸ್ ರಸ್ತೆಯನ್ನು ದಾಟಿ ನಡೆದರೆ ಸೌಕಾರ್‌ಪೇಟೆ. ಮಿಂಟ್ ಸ್ಟ್ರೀಟ್ ಹಾಗೂ ಅದರ ಇಕ್ಕೆಲದ ಇಕ್ಕಟ್ಟಾದ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ. ಮಾರ್ವಾಡಿ, ಗುಜರಾತಿ ವರ್ತಕರು ನೆಲೆಸಿದ ಈ ಪೇಟೆಯಲ್ಲಿ, ಮಾಳಿಗೆಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು ಹದಿನೈದು ವರ್ಷ ಕಳೆದ ಕನ್ನಡಿಗ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನು ಒಂದು ತಿಂಗಳೂ ಬಾಡಿಗೆ ತಪ್ಪಿಸಿದವನಲ್ಲ. ಐದನೆಯ ತಾರೀಖಿನೊಳಗೆ ಮಾಲೀಕರ ಗಾದಿಗೆ ಹೋಗಿ ನೋಟುಗಳನ್ನು ಎಣಿಸಿ ಕೊಡುತ್ತಾನೆ. ಮಾಲೀಕರು ತಮ್ಮ ಬಹಿಯಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಬಹಿ ಅವರದು, ಗುರುತೂ ಅವರದೇ. ಗೃಹಸಾಲಕ್ಕಾಗಿ ಈತನು ಬ್ಯಾಂಕಿನ ಮೆಟ್ಟಿಲೇರಿದ ದಿನ, ಹದಿನೈದು ವರ್ಷಗಳ ಆ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಬ್ಯಾಂಕು ಮನುಷ್ಯನ ಮುಖವನ್ನು ನೋಡುತ್ತದೆಯಾದರೂ ನಂಬುವುದು ಕಾಗದವನ್ನು. ಸಾಲಗಾರರ ನಡವಳಿಕೆಯನ್ನು 300ರಿಂದ 900ರವರೆಗಿನ ಅಂಕದಲ್ಲಿ ಅಳೆಯುವ ಸಿಬಿಲ್ ವರದಿಯಲ್ಲಿ ಹಿಂದಿನ ಸಾಲ, ಕ್ರೆಡಿಟ್ ಕಾರ್ಡುಗಳ ಚರಿತ್ರೆ ಇರುತ್ತದೆ. ಮನೆ ಬಾಡಿಗೆಯ ಚರಿತ್ರೆ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಅರ್ಜಿ ಹಾಕಬೇಕೆಂಬ ಯೋಚನೆ ಹುಟ್ಟಿದಂದಿನಿಂದಲೇ, ಎಂದರೆ ಕನಿಷ್ಠ ಒಂದು ವರ್ಷ ಮುಂಚಿತವಾಗಿ, ಬಾಡಿಗೆಯನ್ನು ಚೆಕ್ಕಿನ ಮೂಲಕ ಅಥವಾ ಖಾತೆಯಿಂದ ಖಾತೆಗೆ ಸಲ್ಲಿಸುವುದು ಲೇಸು. ಹನ್ನೆರಡು ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಸಂದಾಯವಾದುದು ಪಾಸ್ ಪುಸ್ತಕದಲ್ಲಿ ಕಂಡರೆ, ಕಂತು ಕಟ್ಟುವ ಶಕ್ತಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಅಪರೂಪ.

ಮಾಲೀಕರು ಇದಕ್ಕೆ ಸುಲಭವಾಗಿ ಒಪ್ಪಲಾರರು ಎಂಬುದು ನಿಜ. ಬಾಡಿಗೆ ಖಾತೆಗೆ ಬಂದರೆ ಆದಾಯ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಒತ್ತಾಯ ಮಾಡಿದರೆ ಮನೆ ಬಿಡಿ ಎಂದಾರೆಂಬ ಭಯ ಬಾಡಿಗೆದಾರನಿಗೆ. ಇಲ್ಲಿ ಕಾನೂನಿನ ಬೆಂಬಲ ಸ್ವಲ್ಪ ಮಟ್ಟಿಗೆ ಇದೆ. 1960ರ ಬಾಡಿಗೆ ನಿಯಂತ್ರಣ ಕಾಯಿದೆಯ ಬದಲಿಗೆ ತಮಿಳುನಾಡಿನಲ್ಲಿ 2017ರ ಹೊಸ ಕಾಯಿದೆಯು 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಾಡಿಗೆ ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಕೊಟ್ಟ ಹಣಕ್ಕೆ ರಸೀದಿ ಕೇಳುವುದು ಬಾಡಿಗೆದಾರನ ಹಕ್ಕು. ಹಕ್ಕೆಂದು ಜಗಳಕ್ಕೆ ನಿಲ್ಲುವುದಕ್ಕಿಂತ, ಕರಾರು ನವೀಕರಿಸುವ ತಿಂಗಳಲ್ಲಿ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು ವಿನಯದಿಂದ ಕೇಳುವುದು ಹೆಚ್ಚು ಫಲಕಾರಿ.

ವಿಳಾಸದ ಪುರಾವೆಯದು ಇನ್ನೊಂದು ತೊಡಕು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮಗಳು ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಚೀಟಿ, ಆಧಾರ್ ಮುಂತಾದವನ್ನು ಮಾನ್ಯ ಮಾಡುತ್ತವೆ. ಅವುಗಳಲ್ಲಿ ಊರಿನ ವಿಳಾಸವೇ ಇದ್ದಲ್ಲಿ, ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ದೂರವಾಣಿ ಅಥವಾ ನೀರಿನ ಬಿಲ್ಲನ್ನು ತಾತ್ಕಾಲಿಕವಾಗಿ ಒಪ್ಪುತ್ತಾರೆ. ಸರ್ಕಾರ ಅಥವಾ ದೊಡ್ಡ ಕಂಪನಿಯು ತನ್ನ ನೌಕರನಿಗೆ ಕೊಟ್ಟ ವಸತಿಯ ಪತ್ರಕ್ಕೂ ಆ ಪಟ್ಟಿಯಲ್ಲಿ ಸ್ಥಾನವುಂಟು. ಖಾಸಗಿ ಮಾಲೀಕನೊಡನೆ ಮಾಡಿಕೊಂಡ ಕರಾರಿಗೆ ಇಲ್ಲ. ವಿದ್ಯುತ್ ಬಿಲ್ಲಂತೂ ಮಾಲೀಕರ ಹೆಸರಿನಲ್ಲಿರುತ್ತದೆ. ಹೀಗಾಗಿ ಆಧಾರ್‌ನ ವಿಳಾಸವನ್ನು ಮೊದಲೇ ಚೆನ್ನೈಗೆ ಬದಲಾಯಿಸಿಕೊಳ್ಳತಕ್ಕದ್ದು. ಅದಕ್ಕೆ ಬಾಡಿಗೆ ಕರಾರು ಆಧಾರವಾಗಿ ನಡೆಯುತ್ತದೆ. ಈ ನಗರದಲ್ಲಿ ಒಂದೇ ಮನೆಗೆ ಹಳೆಯ ನಂಬರು, ಹೊಸ ನಂಬರು ಎಂದು ಎರಡಿರುವುದನ್ನು ಮರೆಯಬಾರದು. ಒಂದು ಕಾಗದದಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ, ವಿಚಾರಣೆಗೆ ಬಂದ ಬ್ಯಾಂಕಿನ ಪ್ರತಿನಿಧಿ ಬೀದಿಯನ್ನೆಲ್ಲ ಸುತ್ತಿ ‘ಇಂಥವರು ಇಲ್ಲಿಲ್ಲ’ ಎಂದು ಬರೆದುಕೊಂಡು ಹೋಗಬಹುದು. ಎಲ್ಲ ಕಾಗದಗಳಲ್ಲಿಯೂ ಎರಡೂ ನಂಬರುಗಳಿರಲಿ.

ಸಂಬಳದಾರರು ಒಂದು ಪ್ರಲೋಭನೆಯಿಂದ ದೂರವಿರಬೇಕು. ತೆರಿಗೆ ಉಳಿಸಲು ಕಚೇರಿಗೆ ಹೆಚ್ಚು ಬಾಡಿಗೆಯ ರಸೀದಿ ಕೊಟ್ಟು, ಖರ್ಚು ಕಡಿಮೆ ಎಂದು ತೋರಿಸಲು ಬ್ಯಾಂಕಿಗೆ ಕಡಿಮೆ ಬಾಡಿಗೆ ಹೇಳಿದರೆ, ಎರಡು ಕಾಗದಗಳೂ ಒಂದೇ ಮೇಜಿನ ಮೇಲೆ ಬಂದು ಕೂಡುತ್ತವೆ. ಹೋಟೆಲು, ಅಂಗಡಿಗಳಲ್ಲಿ ನಗದಾಗಿ ದುಡಿಯುವವರ ಕಷ್ಟ ಬೇರೆ ಬಗೆಯದು: ಆದಾಯವಿದೆ, ಗುರುತಿಲ್ಲ. ಈ ಕಷ್ಟವನ್ನು ಕನ್ನಡನಾಡು ಬಹು ಹಿಂದೆಯೇ ಕಂಡಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿತು. ಇಂದಿಗೂ ಉಪಾಯ ಅದೇ: ದುಡಿದುದನ್ನು ವಾರವಾರವೂ ಖಾತೆಗೆ ಕಟ್ಟುವುದು, ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರಣೆಯನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುವುದು.

ಇನ್ನು ಹಣದ ಲೆಕ್ಕ. 30 ಲಕ್ಷ ರೂಪಾಯಿವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇಕಡಾ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇಕಡಾ 80, ಅದಕ್ಕೂ ಮೇಲೆ ಶೇಕಡಾ 75ರವರೆಗೆ ಮಾತ್ರ ಬ್ಯಾಂಕು ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ಮಿತಿಯಿದೆ. 30 ಲಕ್ಷದ ಹಳೆಯ ಫ್ಲಾಟ್ ಒಂದನ್ನು ಕೊಳ್ಳುವವನು, ‘27 ಲಕ್ಷ ಸಾಲ, ಕೈಯಿಂದ 3 ಲಕ್ಷ’ ಎಂದು ಲೆಕ್ಕ ಹಾಕಿ ಹಿಗ್ಗುತ್ತಾನೆ. ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಆ ಬೆಲೆಯಲ್ಲಿ ಸೇರಿಸುವಂತಿಲ್ಲ. ತಮಿಳುನಾಡಿನಲ್ಲಿ ಮುದ್ರಾಂಕವೇ ಮೊದಲಾದವು ಶೇಕಡಾ 7. ನೋಂದಣಿ ಶುಲ್ಕ 2023ರಲ್ಲಿ 4ರಿಂದ 2ಕ್ಕೆ ಇಳಿಯಿತು. ಹೊಸ ಫ್ಲಾಟಿನ ಮೊದಲ ಮಾರಾಟಕ್ಕೆ ದರ ಬೇರೆ. ಒಟ್ಟು ಶೇಕಡಾ 9 ಎಂದರೆ 2 ಲಕ್ಷ 70 ಸಾವಿರ. ಮೂರು ಲಕ್ಷವೆಂದು ಹೊರಟವನಿಗೆ ಐದು ಲಕ್ಷ 70 ಸಾವಿರ ಬೇಕಾಯಿತು.

ಈ ಕೊರತೆಯನ್ನು ತುಂಬಲು ಅವನ ಕಣ್ಣು ಮಾಲೀಕರಲ್ಲಿರುವ ಮುಂಗಡದ ಮೇಲೆ ಬೀಳುತ್ತದೆ. ಹೊಸ ಕಾಯಿದೆಯು, ಬೇರೆ ಒಪ್ಪಂದವಿಲ್ಲದಿದ್ದರೆ, ಮೂರು ತಿಂಗಳ ಬಾಡಿಗೆಯಷ್ಟೇ ಮುಂಗಡವೆನ್ನುತ್ತದೆ. ಚೆನ್ನೈಯ ಹಳೆಯ ರೂಢಿಯಾದರೋ ಹತ್ತು ತಿಂಗಳು. ಅದು ತನ್ನ ಹಣವೇ ಹೌದು. ಆದರೆ ಬ್ಯಾಂಕು ಸಾಲ ಬಿಡುಗಡೆ ಮಾಡುವ ಮೊದಲೇ ಕೊಳ್ಳುವವನ ಪಾಲನ್ನು ಕಾಣಬಯಸುತ್ತದೆ, ಮಾಲೀಕರು ಮನೆ ಖಾಲಿಯಾದ ಮೇಲೆ ಮುಂಗಡ ಹಿಂದಿರುಗಿಸುತ್ತಾರೆ. ಹೊಸ ಮನೆ ಸಿಗದೆ ಹಳೆಯದನ್ನು ಬಿಡುವಂತಿಲ್ಲ. ಹಳೆಯದನ್ನು ಬಿಡದೆ ಹಣವಿಲ್ಲ. ಆದಕಾರಣ ಮುಂಗಡವನ್ನು ಕೊಳ್ಳುವ ಲೆಕ್ಕದಿಂದ ಪೂರ್ಣವಾಗಿ ಹೊರಗಿಟ್ಟು, ಸಾಮಾನು ಸಾಗಣೆಗೂ ಸಣ್ಣ ರಿಪೇರಿಗೂ ಮೀಸಲಾಗಿಡುವುದೇ ಸರಿ.

ಮೇಲಿನ 27 ಲಕ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಗಳ ಕಂತು ತಿಂಗಳಿಗೆ ಸುಮಾರು 24,300 ರೂಪಾಯಿ. ಕಟ್ಟುತ್ತಿರುವ ಮನೆಯಾದರೆ ಕಂತಿಗೆ ಮುನ್ನ ಬಿಡುಗಡೆಯಾದಷ್ಟು ಹಣಕ್ಕೆ ಬಡ್ಡಿ ಸಲ್ಲುತ್ತದೆ: ಅರ್ಧ ಬಿಡುಗಡೆಯಾದಾಗ 10,125, ಪೂರ್ತಿಯಾದಾಗ 20,250. ಬಾಡಿಗೆ 12,000 ಇದ್ದರೆ ಕೊನೆಯ ತಿಂಗಳುಗಳಲ್ಲಿ ಎರಡೂ ಸೇರಿ 32,250. ಕಟ್ಟಡ ಒಂದು ವರ್ಷ ತಡವಾಯಿತೆಂದರೆ ಇದೇ ಹೊರೆ ಮತ್ತೊಂದು ವರ್ಷ. ಸ್ಮರಣ ಸಂಚಿಕೆಗಳಲ್ಲಿ ವೈದ್ಯರು ರಕ್ತದೊತ್ತಡಕ್ಕೆ ಉಪ್ಪನ್ನು ದೂರುತ್ತಾರೆ. ಈ ಎರಡು ಸಂದಾಯಗಳನ್ನೂ ದೂರಬೇಕು. ಕೈಯಲ್ಲಿ ಆರು ತಿಂಗಳ ಬಾಡಿಗೆ-ಬಡ್ಡಿಯ ಮೊತ್ತವಿಲ್ಲದವನಿಗೆ ಸಿದ್ಧವಾದ ಮನೆಯೇ ಮೇಲು, ಅದು ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ.

ಅಡಮಾನದ ವಿಧಾನದಲ್ಲಿ ಮದ್ರಾಸಿಗೆ ಒಂದು ಹಿರಿಮೆಯಿದೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನವನ್ನು ಹೇಳುವಾಗ 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಕಲ್ಕತ್ತ, ಮದ್ರಾಸು, ಬೊಂಬಾಯಿಗಳನ್ನು ಹೆಸರಿಸಿಯೇ ಹೇಳುತ್ತದೆ. ಪತ್ರಗಳು ತಮಿಳಿನಲ್ಲಿರುವುದರಿಂದ ಕನ್ನಡಿಗನು ದಲ್ಲಾಳಿಯ ಬಾಯಿಮಾತನ್ನು ನೆಚ್ಚದೆ, ಮೂಲಪತ್ರ, ಋಣಭಾರ ಪತ್ರ, ಮಂಜೂರಾದ ನಕ್ಷೆ ಇವುಗಳನ್ನು ಓದಬಲ್ಲ ವಕೀಲರಿಗೆ ಕೂಡಲೇ ತೋರಿಸಬೇಕು. ಪರಿಚಿತ ಪೇಟೆಯಲ್ಲಿಯೇ ಹಳೆಯ ಮನೆಯ ಭಾಗವೊಂದನ್ನು ಕೊಳ್ಳಬಯಸುವವರು, ನೆಲ ಮಾರುವವನದೋ ಅಥವಾ ದೇವಸ್ಥಾನ, ಧರ್ಮಸಂಸ್ಥೆಗಳದೋ ಎಂದು ವಿಚಾರಿಸದೆ ಮುಂಗಡ ಕೊಡಬಾರದು. ನೆಲ ಪರರದಾದರೆ ಸಾಲ ಸಿಗುವುದು ದುರ್ಲಭ.

ಎಲ್ಲಕ್ಕಿಂತ ಹೆಚ್ಚಿನ ಅನಾಹುತವಾಗುವುದು ಅವಸರದಲ್ಲಿ. ‘ಸಾಲ ಮಂಜೂರಾಯಿತು’ ಎಂಬ ಪತ್ರ ಬಂದೊಡನೆ ಸಿಹಿ ಹಂಚಿ ಮಾಲೀಕರಿಗೆ ಮನೆ ಬಿಡುವುದಾಗಿ ತಿಳಿಸುವವರುಂಟು. ಮಂಜೂರಾತಿಯು ಹಣವಲ್ಲ, ವಕೀಲರ ವರದಿಯಲ್ಲೊಂದು ದೋಷ ಕಂಡರೂ ಅದು ನಿಂತುಹೋಗುತ್ತದೆ. ಅಷ್ಟರಲ್ಲಿ ಮಾಲೀಕರು ಬೇರೆಯವರಿಂದ ಮುಂಗಡ ಪಡೆದಿದ್ದರೆ, ಶಾಲೆಗೆ ಹೋಗುವ ಮಕ್ಕಳೊಡನೆ ಆ ಸಂಸಾರ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ನೋಂದಣಿಯಾಗಿ, ಹೊಸ ಮನೆಯ ಕೀಲಿಕೈ ಕೈಗೆ ಬಂದ ಮೇಲೆಯೇ ಕರಾರಿನಲ್ಲಿರುವಷ್ಟು ಅವಧಿಯ ನೋಟೀಸನ್ನು ಲಿಖಿತವಾಗಿ ಕೊಡಬೇಕು. ಇದರಿಂದ ಒಂದೆರಡು ತಿಂಗಳ ಬಾಡಿಗೆ ಹೆಚ್ಚಿಗೆ ಹೋದರೆ ಹೋಗಲಿ. ಮನೆ ಖಾಲಿ ಮಾಡುವ ದಿನ ವಿದ್ಯುತ್ ಮೀಟರಿನ ಅಂಕಿಯನ್ನು ಮಾಲೀಕರ ಎದುರಿನಲ್ಲಿ ಬರೆದುಕೊಂಡು, ಮುಂಗಡದಿಂದ ಯಾವುದಕ್ಕೆ ಎಷ್ಟು ಕಳೆಯುತ್ತಾರೆಂಬುದನ್ನು ಅದೇ ಕಾಗದದಲ್ಲಿ ಬರೆಸಿ ಸಹಿ ಪಡೆಯಬೇಕು. ಪೂರ್ತಿ ಸಂದಿತೆಂಬ ರಸೀದಿಗೆ ತಾನು ಸಹಿ ಹಾಕುವುದು ಉಳಿದ ಹಣ ಖಾತೆಗೆ ಬಂದ ಮೇಲೆ.