ಮಳೆಗಾಲ, ಕಾಫಿ ಹಣ್ಣು ಮತ್ತು ಅಮ್ಮನ ಶುಗರ್

ಆಲೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಅಮ್ಮನ ಶುಗರ್ ನೋಡುವ ಕೆಲಸ ಬಹಳ ವರ್ಷಗಳಿಂದ ನನ್ನದು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಆಲೂರು, ಸಕಲೇಶಪುರದ ಸೀಮೆಯಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು, ಡಬ್ಬಿಯ ಉಪ್ಪೂ ನೀರು. ಆ ಗಾಳಿಗೆ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ಮೀಟರಿನ ಮಾತು ನಂಬುವಂತಿಲ್ಲ. ಸ್ಟ್ರಿಪ್‌ನ ತುದಿಯಲ್ಲಿ ಸಕ್ಕರೆಯನ್ನು ಗುರುತು ಹಿಡಿಯುವುದು ಒಂದು ಕಿಣ್ವ. ಹೆಚ್ಚಾಗಿ ಗ್ಲೂಕೋಸ್ ಆಕ್ಸಿಡೇಸ್, ಇಲ್ಲವೇ ಗ್ಲೂಕೋಸ್ ಡಿಹೈಡ್ರೋಜಿನೇಸ್. ತೇವ, ಬಿಸಿ ತಗುಲಿದರೆ ಅದರ ಕಸುವು ಕುಂದುತ್ತದೆ. ಅದಕ್ಕೇ ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಹಾಕುತ್ತೇನೆ. ಬೆಚ್ಚಗಿರಲೆಂದು ಒಲೆಯ ಹತ್ತಿರವೂ ಇಡುವುದಿಲ್ಲ.

ಕಿಣ್ವದ ಹಂಗಿಲ್ಲದೆ, ಸಕ್ಕರೆಯನ್ನು ಹಿಡಿಯುವ ಗಟ್ಟಿ ಅಣುವನ್ನೇ ಕಟ್ಟಬಾರದೇ? ರಸಾಯನಶಾಸ್ತ್ರಜ್ಞರು ದಶಕಗಳಿಂದ ಇದರ ಬೆನ್ನು ಬಿದ್ದಿದ್ದಾರೆ. ಗ್ಲೂಕೋಸಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು. ನೀರಿನದೂ ಹೆಚ್ಚುಕಡಿಮೆ ಅದೇ ರೂಪ. ಮೀಟರ್ 100 ತೋರಿಸುವಾಗ ಒಂದು ಗ್ಲೂಕೋಸ್ ಅಣುವಿನ ಸುತ್ತ ಸುಮಾರು 10,000 ನೀರಿನ ಅಣುಗಳಿರುತ್ತವೆ. ಜಾತ್ರೆಯಲ್ಲಿ ಎಲ್ಲರೂ ಬಿಳಿ ಅಂಗಿ ತೊಟ್ಟಿರುವಾಗ ನಮ್ಮವನೊಬ್ಬನನ್ನು ಹುಡುಕಿದ ಹಾಗೆ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಆಂಟನಿ ಡೇವಿಸ್ ಅವರ ತಂಡ ಇದಕ್ಕೊಂದು ಪಂಜರದಂಥ ಅಣು ಕಟ್ಟಿತು. ಮೇಲೆ, ಕೆಳಗೆ ನೀರಿಗೊಗ್ಗದ ಚಪ್ಪಟೆ ಉಂಗುರಗಳು. ನಡುವಿನ ಕಂಬಗಳಲ್ಲಿ ಹೈಡ್ರಾಕ್ಸಿಲ್‌ಗಳನ್ನು ಹಿಡಿಯುವ ಯೂರಿಯಾ ಗುಂಪುಗಳು. 2019ರಲ್ಲಿ ಪ್ರಕಟವಾದ ಆ ಅಣು ಗ್ಲೂಕೋಸನ್ನು ಬಿಟ್ಟು ಉಳಿದ ಸಕ್ಕರೆಗಳನ್ನು ಅಷ್ಟಾಗಿ ಹತ್ತಿರ ಸೇರಿಸದು. ಬೋರಾನಿನ ದಾರಿ ಇನ್ನೊಂದು: 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ತೋಳಿನ ಚರ್ಮದಡಿ ಇಡುವ ಎವರ್‌ಸೆನ್ಸ್ ಸೆನ್ಸರಿನಲ್ಲಿ ಬೋರೋನಿಕ್ ಆಮ್ಲದ ಅಣುವೇ ಸಕ್ಕರೆ ಕಂಡರೆ ಬೆಳಗುತ್ತದೆ. ಇಂಥವು ಅಗ್ಗವಾಗಿ ನಮ್ಮ ಮಳೆನಾಡಿಗೆ ಬರಲಿ ಎಂಬುದು ನನ್ನ ಆಸೆ.

ಆದರೆ ಯಾವ ಅಣು ಬಂದರೂ, ಬೆರಳು ಚುಚ್ಚಿ ನೋಡುವವರೆಗೆ ಅದನ್ನು ತೊಳೆಯುವ ಕೆಲಸ ನಮ್ಮದೇ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಅಮ್ಮ ಕಣದಲ್ಲಿ ಕೂತು ಹಸಿರು ಕಾಯಿ ಆರಿಸುತ್ತಾರೆ. ಒಂದು ಸಂಜೆ ಹಾಗೇ ಎದ್ದುಬಂದು ಕೈ ಚಾಚಿದರು. ಮೀಟರ್ 300 ದಾಟಿತು. ಬೆರಳ ಸಂದಿಯಲ್ಲಿ ಒಡೆದ ಹಣ್ಣಿನ ಲೋಳೆ ಅಂಟಂಟಾಗಿತ್ತು. ಸೋಪು ಹಾಕಿ ತೊಳೆದು ಇನ್ನೊಂದು ಬೆರಳು ಚುಚ್ಚಿದರೆ ಎಂದಿನ ಸಂಖ್ಯೆ. ಲೋಳೆಯದೂ ನಿಜವಾದ ಗ್ಲೂಕೋಸೇ. ಕಿಣ್ವವಾಗಲಿ ಪಂಜರವಾಗಲಿ ಅದನ್ನು ಬೇರೆ ಮಾಡಲಾರದು. ಆ 300 ನಂಬಿ ಇನ್ಸುಲಿನ್ ಹೆಚ್ಚಿಸಿದ್ದರೆ ರಾತ್ರಿ ಶುಗರ್ ಇಳಿದು, ಆಸ್ಪತ್ರೆಗೆ ಕತ್ತಲ ರಸ್ತೆ ಹಿಡಿಯಬೇಕಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಹಣ್ಣಿನ ಸಕ್ಕರೆ ಪೂರ್ತಿ ಹೋಗುವುದಿಲ್ಲ. ಈಗ ಕಣದ ನಲ್ಲಿಯ ಪಕ್ಕದಲ್ಲೇ ಸೋಪು, ಒಣ ಟವೆಲ್ಲು ಇಟ್ಟಿದ್ದೇನೆ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಸಂಖ್ಯೆ ಕಡಿಮೆ ಬರುತ್ತದೆ. ಒರೆಸಿಕೊಂಡೇ ಅಮ್ಮ ಕೈ ಚಾಚುತ್ತಾರೆ.