ಕಾಲಿಗೆ ಆಪರೇಶನ್ ಆಗಿದೆ, ಕೈಗಲ್ಲ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನ್ನ ಮನೆಯವರಿಗೆ 42 ವರ್ಷ. ಕಬ್ಬಿನ ಟ್ರ್ಯಾಕ್ಟರ್ ದಾಟಿ ಮುಂದ ಹೋಗಾಕ ನೋಡಿ ಬೈಕ್ ಮ್ಯಾಲಿಂದ ಬಿದ್ದರು. ಮೊಣಕಾಲ ಕೆಳಗಿನ ಎಲುಬು ಮುರೀತು. ಮಿರಜದಾಗ ಎಲುಬಿನೊಳಗ ರಾಡ್ ಹಾಕ್ಯಾರ. ಮೂರು ವಾರ ಆತು, ಮಂಚ ಬಿಟ್ಟು ಇಳದಿಲ್ಲ. ನೀರು ಕೊಡು, ದಿಂಬು ಸರಸು, ಫ್ಯಾನ್ ಹಚ್ಚು ಅಂತ ಹಗಲು ರಾತ್ರಿ ಕರೀತಾರ. ತಡ ಆದ್ರ ಒದರತಾರ. ಮನ್ಯಾಗ ಎರಡು ಪಾವರ್‌ಲೂಮ್ ಅದಾವ, ಅವನ್ನೂ ನಾನ ನಡಸ್ತೀನಿ. ಅತ್ತಿಗೆ ವಯಸ್ಸಾಗೈತಿ, ಮಕ್ಕಳು ಸಣ್ಣವು. ಸಂಡಾಸ ಹಿತ್ತಲದಾಗ ಐತಿ, ಎತ್ತಿ ಹಿಡಕೊಂಡು ಒಯ್ಯಬೇಕು. ನನಗೂ ನಡ ಹಿಡದೈತಿ. ಒಮ್ಮೊಮ್ಮೆ ಬಾಳ ಸಿಟ್ಟು ಬರತೈತಿ, ಆಮ್ಯಾಲೆ ಬಚ್ಚಲದಾಗ ನಿಂತು ಅಳತೀನಿ. ನಂದು ತಪ್ಪೇನ್ರಿ?
– ಹೆಸರು ಬೇಡ, ಬನಹಟ್ಟಿ

ಉತ್ತರ: ತಪ್ಪಲ್ಲ, ತಂಗಿ. ಇಷ್ಟುದ್ದದ ಪತ್ರದಲ್ಲಿ ನಿಮ್ಮ ನಡದ ಬಗ್ಗೆ ಬರೆದದ್ದು ಮೂರೇ ಮಾತು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಮಲಗಿಬಿಟ್ಟರೆ ಆ ಮನೆಯಲ್ಲಿ ಇಬ್ಬರು ಪೇಶಂಟ್ ಆಗುತ್ತಾರೆ, ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ಎಬ್ಬಿಸುವಾಗ ಅವರು ನಿಮ್ಮ ಕೊರಳಿಗೆ ಕೈ ಹಾಕಿ ಜೋತು ಬೀಳುತ್ತಿರಬೇಕು. ಇವತ್ತಿಗೇ ಅದನ್ನು ನಿಲ್ಲಿಸಿ. ಅವರು ಮಂಚದ ಅಂಚಿಗೆ ಸರಿದು ಕೂಡಬೇಕು, ಗಟ್ಟಿ ಕಾಲು ನೆಲಕ್ಕೂರಬೇಕು, ಎರಡೂ ಅಂಗೈಯಿಂದ ಮಂಚವನ್ನು ಒತ್ತಿ ತಾವೇ ಮೇಲೇಳಬೇಕು. ಹಳೆಯ ಧೋತರವನ್ನು ಮಡಿಚಿ ಅವರ ಸೊಂಟಕ್ಕೆ ಕಟ್ಟಿ, ಆಪರೇಶನ್ ಆದ ಕಾಲಿನ ಕಡೆ ನಿಂತು ಅದನ್ನು ಹಿಡಿದುಕೊಳ್ಳಿ. ನಿಮ್ಮ ಕೆಲಸ ತೋಲ ತಪ್ಪದಂತೆ ನೋಡುವುದಷ್ಟೇ, ಎತ್ತುವುದಲ್ಲ. ಬಗ್ಗುವುದಿದ್ದರೆ ಮೊಣಕಾಲು ಮಡಿಚಿ ಬಗ್ಗಿ. ಜೋತಾಡುವ ಹೊರಸಿನ ಮೇಲೆ ಮಲಗಿಸಿದ್ದರೆ ಬದಲಿಸಿ, ಅದರಿಂದ ಏಳಲು ಪೈಲ್ವಾನನಿಗೂ ಕಷ್ಟ. ಕೂತಾಗ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಎತ್ತರದ ಗಟ್ಟಿ ಮಂಚ ಬೇಕು.

ಮೆಡಿಕಲ್ ಅಂಗಡಿಯಲ್ಲಿ ಉಚ್ಚೆ ಹೊಯ್ಯುವ ಬಾಟ್ಲಿ ಸಿಗುತ್ತದೆ. ಇವತ್ತೇ ತಂದು ಮಂಚದ ಕಾಲಿಗೆ ಕಟ್ಟಿಡಿ. ಕೈಗೆಟಕುವಂತೆ ಒಂದು ಸ್ಟೂಲಿನ ಮೇಲೆ ನೀರಿನ ತಂಬಿಗೆ, ಮೊಬೈಲ್, ಚಾರ್ಜರ್, ಟಾರ್ಚ್ ಇರಲಿ. ನೀವು ರಾತ್ರಿ ಏಳುವುದು ಇಷ್ಟರಿಂದಲೇ ಅರ್ಧ ತಪ್ಪುತ್ತದೆ. ಸಂಡಾಸಕ್ಕೆ ಮಡಚುವ ಕಮೋಡ್ ಖುರ್ಚಿ ತನ್ನಿ, ಹೊಸದೇ ಬೇಕೆಂದಿಲ್ಲ. ಹಿಂದೆ ಆಪರೇಶನ್ ಆದವರ ಮನೆಯ ಅಟ್ಟದ ಮೇಲೆ ಇಂಥವು ಧೂಳು ತಿನ್ನುತ್ತ ಬಿದ್ದಿರುತ್ತವೆ, ಓಣಿಯಲ್ಲಿ ಕೇಳಿ ನೋಡಿ.

ಇನ್ನು ಮೂರು ವಾರದಿಂದ ಮಂಚ ಇಳಿಯದ ಮಾತು. ಇದು ರಾಡ್ ಬರುವ ಮುಂಚಿನ ಕಾಲದ ಪಥ್ಯ. ಆಗ ಮುರಿದ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಜರ್ಮನಿಯ ಕುಂಚರ್ ಎಂಬ ಸರ್ಜನ್ 1939ರಲ್ಲಿ ತೊಡೆಯ ಎಲುಬಿನೊಳಗೆ ಉಕ್ಕಿನ ಮೊಳೆ ಕೂರಿಸಿದ್ದೇ ರೋಗಿ ಲಗೂನೆ ಏಳಲಿ ಎಂದು. ಅದರ ಮೊಮ್ಮಗನನ್ನೇ ಕಾಲೊಳಗೆ ಇಟ್ಟುಕೊಂಡು ನಿಮ್ಮವರು ಅಜ್ಜನ ಕಾಲದ ಹಾಗೆ ಮಲಗಿದ್ದಾರೆ. ಆದರೆ ಕಾಲ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ನಾನು ಇಲ್ಲಿ ಕೂತು ಹೇಳಲಾರೆ, ಪಕ್ಕದ ಮನೆಯವರಂತೂ ಹೇಳಲೇಬಾರದು. ಎಲುಬು ಎಲ್ಲಿ, ಎಷ್ಟು ಚೂರಾಗಿ ಮುರಿದಿದೆ ಎಂಬುದರ ಮೇಲೆ ಅದು ನಿಂತಿದೆ. ಆಪರೇಶನ್ ಮಾಡಿದವರಿಗೆ ಫೋನ್ ಹಚ್ಚಿ ಇದೊಂದನ್ನೇ ಕೇಳಿ: ಪಾದ ಊರಬಹುದೋ, ಅರ್ಧ ಭಾರವೋ, ಪೂರ್ತಿಯೋ? ಉತ್ತರವನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದಿಡಿ. ಊರಲೇಬಾರದು ಎಂದರೂ ವಾಕರ್ ಹಿಡಿದು ಒಂದೇ ಕಾಲಿನ ಮೇಲೆ ಓಡಾಡುವುದನ್ನು ಕಲಿಸುತ್ತಾರೆ. ಕಂಕುಳ ಕೋಲು ಕೊಟ್ಟಿದ್ದರೆ ಭಾರ ಅಂಗೈ ಮೇಲಿರಲಿ, ಕಂಕುಳಿಗೆ ಒತ್ತಿದರೆ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು, ಹೊಸ್ತಿಲು ಏರುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ಆಪರೇಶನ್ ಕಾಲು ಮೊದಲು. ಮಗ್ಗದ ಮನೆಯಲ್ಲಿ ನೆಲದ ಮೇಲೆ ನೂಲಿನ ಎಳೆ ಬಿದ್ದಿರುತ್ತವೆ, ವಾಕರಿನ ಕಾಲಿಗೆ ಸುತ್ತಿಕೊಂಡಾವು.

ಮಲಗಿದ್ದಾಗಲೂ ತಾಸಿಗೊಮ್ಮೆ ಎರಡೂ ಪಾದಗಳನ್ನು ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಬೇಕು. ಇದಕ್ಕೆ ನಿಮ್ಮನ್ನು ಕರೆಯಬೇಕಾಗಿಲ್ಲ.

ಈಗ ಅವರ ಸಿಟ್ಟಿನ ವಿಷಯ. ದುಡಿಯುತ್ತಿದ್ದ ಗಂಡಸು ಮಂಚದ ಮೇಲೆ ಕೂತು ಇನ್ನೊಬ್ಬರು ನಡೆಸುವ ಮಗ್ಗದ ಸದ್ದು ಕೇಳುವುದು ಸಣ್ಣ ಶಿಕ್ಷೆಯಲ್ಲ. ಹಾಗಂತ ನಿಮ್ಮ ಮೇಲೆ ಒದರುವ ಹಕ್ಕು ಅದರಿಂದ ಬರುವುದಿಲ್ಲ. ಅವರ ಒಂದು ಕಾಲಿಗೆ ಆಪರೇಶನ್ ಆಗಿದೆ, ಎರಡು ಕೈ ಖಾಲಿ ಇವೆ. ಕಾಲನ್ನು ಸ್ಟೂಲಿನ ಮೇಲೆ ದಿಂಬಿಟ್ಟು ಚಾಚಿ, ಅರ್ಧ ತಾಸಿಗೊಮ್ಮೆ ಬಿಡುವು ಕೊಟ್ಟು ಕಂಡಿಕೆ ಸುತ್ತಲಿ. ಅದು ಹೆಂಗಸರ ಕೆಲಸ ಎಂದರೆ ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದು ಈ ಪುಟವನ್ನೇ ತೋರಿಸಿ. ಮಕ್ಕಳ ಅಭ್ಯಾಸ ನೋಡುವುದು, ನೂಲಿನ ಲೆಕ್ಕ, ಸಾಹುಕಾರರ ಜೊತೆ ಫೋನಿನ ಮಾತು, ಎಲ್ಲ ಅವರಿಗೆ ಒಪ್ಪಿಸಿ.

ನಿಮಗೆ ದಿನಕ್ಕೊಂದು ತಾಸು ಬಿಡುವು ಬೇಕು. ಆ ತಾಸು ಅವರ ತಮ್ಮನೋ ಗೆಳೆಯನೋ ಬಂದು ಕೂರಲಿ. ನೋಡಲು ಬಂದವರಿಗೆ ಚಹಾ ಮಾಡುವುದೇ ಒಂದು ಕೆಲಸವಾಗಿದ್ದರೆ, ಅವರಿಗೇ ಒಂದು ಕೊಡ ನೀರು ತರಲು ಹೇಳಿ. ನಿದ್ದೆ ಬಾರದೆ, ಅಳು ನಿಲ್ಲದೆ ಎರಡು ವಾರ ಕಳೆದರೆ, ಅಥವಾ ನಿಮ್ಮಿಬ್ಬರಲ್ಲಿ ಯಾರ ಬಾಯಿಂದಲಾದರೂ ಬದುಕೇ ಬೇಡ ಎಂಬ ಮಾತು ಬಂದರೆ ಅದೇ ದಿನ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ವಾರದಲ್ಲಿ ನಡದ ನೋವು ಇಳಿಯದಿದ್ದರೆ, ಕಾಲಿಗೆ ಜೋಮು ಹರಿದರೆ ನೀವೂ ಡಾಕ್ಟರಿಗೆ ತೋರಿಸಿಕೊಳ್ಳಿ.

ಪ್ರಶ್ನೆ: ನನಗೆ 66, ಹೆಂಡತಿಗೆ 61, ಸಕ್ಕರೆ ಕಾಯಿಲೆ ಇದೆ. ಹತ್ತು ದಿನದ ಹಿಂದೆ ಮೊಣಕಾಲಿನ ಕೀಲು ಬದಲಿಸಿದ್ದಾರೆ. ಬದನೆಕಾಯಿ, ಶೇಂಗಾ, ಬೇಳೆ, ಮೊಸರು ಕೊಟ್ಟರೆ ಹೊಲಿಗೆ ಕೀವಾಗುತ್ತದೆ ಎಂದು ಬೀಗರು ಹೇಳಿದ್ದಾರೆ. ಗಂಜಿ ಮಾತ್ರ ಕೊಡುತ್ತಿದ್ದೇನೆ. ನನಗೆ ಅಡಿಗೆ ಬರುವುದಿಲ್ಲ.
– ಮುಧೋಳ

ಉತ್ತರ: ಕೀವಾಗುವುದು ರೋಗಾಣುವಿನಿಂದ, ಬದನೆಕಾಯಿಯಿಂದಲ್ಲ. ಗಾಯ ಮಾಯಲು ಪ್ರೋಟೀನು ಬೇಕು. ಬೀಗರು ಬೇಡವೆಂದದ್ದರಲ್ಲಿ ಮುಕ್ಕಾಲು ಪಾಲು ಅದೇ ಇದೆ. ಮಡಿಕೆ ಕಾಳು, ಹೆಸರು, ತೊಗರಿ ಬೇಳೆ, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ತತ್ತಿ, ಎಲ್ಲವೂ ನಡೆಯುತ್ತವೆ. ಬರೀ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಊಟ ಕಡಿಮೆಯಾಗಿ ಮಾತ್ರೆ ಅಥವಾ ಇನ್ಸುಲಿನ್ ಮೊದಲಿನಷ್ಟೇ ಇದ್ದರೆ ಸಕ್ಕರೆ ತೀರ ಇಳಿಯಲೂಬಹುದು. ಬೆವರಿ ನಡುಗಿದರೆ ಮೊದಲು ಒಂದು ಲೋಟ ಸಕ್ಕರೆ ನೀರು ಕುಡಿಸಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ.

ರೊಟ್ಟಿ ಬಡಿಯುವುದನ್ನು ಈ ವಯಸ್ಸಿನಲ್ಲಿ ಕಲಿಯಿರಿ ಎಂದು ನಾನು ಹೇಳುವುದಿಲ್ಲ, ನನಗೂ ಬಾರದು. ಖಾನಾವಳಿಯಿಂದ ಖಡಕ್ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕಾಳು ಕುದಿಸುವುದು ನಿಮ್ಮಿಂದಾಗುತ್ತದೆ. ಅವರು ಖುರ್ಚಿಯ ಮೇಲೆ ಕೂತು ಹೇಳಲಿ, ನೀವು ಮಾಡಿ.

ಮೊಣಕಾಲ ಕೆಳಗೆ ದಿಂಬು ಇಟ್ಟು ಮಲಗಿಸಬೇಡಿ, ಹಿತವೆನಿಸಿದರೂ ಕಾಲು ಡೊಂಕಾಗಿಯೇ ಉಳಿಯುತ್ತದೆ. ನೆಲದ ಮೇಲೆ ಚಕ್ಕಂಬಕ್ಕಲ ಹಾಕುವುದು, ಕುಕ್ಕರಗಾಲಲ್ಲಿ ಕೂಡುವುದು ಬೇಡ. ಹೊಲಿಗೆಗೆ ಅರಿಷಿಣ, ಎಣ್ಣೆ, ಬೂದಿ ಯಾವುದನ್ನೂ ಹಚ್ಚಬೇಡಿ. ಗಾಯದಿಂದ ನೀರು ಸೋರಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರ ಆಪರೇಶನ್ ಆದ ಕಾಲಿನ ಮೀನಖಂಡ ಎರಡು ದಿನದಿಂದ ಬಾತು ಬಿಗಿಯಾಗೈತಿ, ಮುಟ್ಟಿದ್ರ ನೋವು. ಅತ್ತಿ ದಿನಾ ಬಿಸಿ ಎಣ್ಣಿ ಹಚ್ಚಿ ತಿಕ್ಕತಾರ. ಇನ್ನೂ ಎಷ್ಟು ದಿನ ತಿಕ್ಕಬೇಕು?
– ಬೀಳಗಿ

ಉತ್ತರ: ತಿಕ್ಕುವುದನ್ನು ಈ ಕ್ಷಣವೇ ನಿಲ್ಲಿಸಿ. ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ತಿಕ್ಕಿದರೆ ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋದೀತು. ಇವತ್ತೇ ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಒಮ್ಮೆಲೇ ದಮ್ಮು ಹತ್ತಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಬೈಕ್ ಮೇಲೆ ಕೂರಿಸಿಕೊಂಡು ಹೊರಡಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಲು ಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್ ನಡುವೆ ಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ನಿಮ್ಮ ಅತ್ತೆಯವರನ್ನು ಬೈಯಬೇಡಿ. ಅವರಿಗೆ ಆ ಕಾಲಿನ ಹೆಬ್ಬೆರಳು ಕಪ್ಪಿಟ್ಟಿದೆಯೇ, ತಣ್ಣಗಾಗಿದೆಯೇ ಎಂದು ದಿನಾ ನೋಡುವ ಕೆಲಸ ಕೊಡಿ.

ಪ್ರಶ್ನೆ: ನಮ್ಮ ಮನೆಯವರ ಬಲಗಾಲಿಗೆ ಪ್ಲೇಟ್ ಹಾಕಿ ಎರಡು ತಿಂಗಳು. ಕಾರ್ಖಾನೆ ಶುರುವಾಗಿದೆ, ಕಬ್ಬು ಹೇರುವ ಟ್ರ್ಯಾಕ್ಟರ್ ಹತ್ತುತ್ತೇನೆ ಎಂದು ಹಟ ಮಾಡುತ್ತಿದ್ದಾರೆ. ಗುಟ್ಕಾ ಬಿಡುವುದಿಲ್ಲ.
– ಜಮಖಂಡಿ

ಉತ್ತರ: ಬ್ರೇಕ್ ಇರುವುದು ಬಲಗಾಲಿಗೆ. ಹಿಂದೆ ಎರಡು ಟ್ರೇಲಿ ಕಬ್ಬು ಇದ್ದಾಗ ಅರೆಮನಸ್ಸಿನ ಬ್ರೇಕ್ ಒತ್ತಿದರೆ ಏನಾದೀತೆಂದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಾಣಬೇಕು, ಕೋಲಿಲ್ಲದೆ ನಡೆಯಬೇಕು, ಗಕ್ಕನೆ ಪೂರ್ತಿ ಬಲ ಹಾಕಿ ಒತ್ತಿದರೂ ನೋವಾಗಬಾರದು. ಆಮೇಲೆ ಡಾಕ್ಟರು ಹೂಂ ಎನ್ನಬೇಕು. ತಂಬಾಕು ಎಲುಬಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಕೂಡುವುದನ್ನು ತಡ ಮಾಡುತ್ತದೆ. ಗುಟ್ಕಾ ತಿಂದಷ್ಟೂ ಟ್ರ್ಯಾಕ್ಟರ್ ದೂರವಾಗುತ್ತದೆ ಎಂದು ಹೇಳಿ. ಅಲ್ಲಿಯತನಕ ಕೀಲಿ ನಿಮ್ಮ ಹತ್ತಿರವೇ ಇರಲಿ.