ಲಕ್ಕಿಯ ಗುರುತು

ಕುಮಾರಸಂಭವದ 3ನೆಯ ಸರ್ಗದಲ್ಲಿ ಪಾರ್ವತಿ ಮುತ್ತಿನ ಸರದ ಬದಲು ತೊಟ್ಟ ಸಿಂಧುವಾರ ಯಾವುದು? ‘ಒಂದು ಬಗೆಯ ಹೂ’ ಎಂದು ಟಿಪ್ಪಣಿ ಬರೆದು ಮುಂದೆ ಸಾಗುವವರು, ತಾಳವಾಡಿ ಸೀಮೆಯ ಹಳ್ಳದ ದಡದಲ್ಲಿ ಬೆಳೆಯುವ ಲಕ್ಕಿಯನ್ನು ಅರಿಯದೆಯೇ ದಾಟಿರುತ್ತಾರೆ. ನೆಕ್ಕಿ, ನಿರ್ಗುಂಡಿ ಎಂಬುವೂ ಇದರ ಹೆಸರುಗಳೇ. ನೆರೆಯ ತಮಿಳರಿಗೆ ಇದು ನೊಚ್ಚಿ. ಅವರ ಪ್ರಾಚೀನ ಕಾವ್ಯಸಂಪ್ರದಾಯದಲ್ಲಿ ಕೋಟೆ ಕಾಯುವ ವೀರರು ಮುಡಿಯುವ ಹೂ.

ಹೆಸರೊಂದನ್ನೇ ನಂಬಿ ಗಿಡವನ್ನು ಗುರುತಿಸಲಾಗದು. ಕರಿನೆಕ್ಕಿ ಬೇರೆಯೇ ಗಿಡ. ಅದರದು ಈಟಿಯಂಥ ಒಂಟಿ ಎಲೆ. ಲಕ್ಕಿಯಲ್ಲಾದರೋ ಒಂದೇ ತೊಟ್ಟಿನ ತುದಿಯಿಂದ 3 ಅಥವಾ 5 ಕಿರುಎಲೆಗಳು ಅಂಗೈಯ ಬೆರಳುಗಳಂತೆ ಹರಡುತ್ತವೆ. ಅಡಿಭಾಗ ಬೂದುಬಿಳಿ, ಉಜ್ಜಿದರೆ ಘಾಟು. ಎಳೆಯ ಕಡ್ಡಿ ಚೌಕ. ತುದಿಯ ಗೊಂಚಲಿನಲ್ಲಿ ತಿಳಿನೇರಳೆ ಹೂ. ಮುತ್ತಿನ ಹೋಲಿಕೆಯು, ನನಗೆ ತೋರುವಂತೆ, ಅರಳಿದ ಹೂವಿಗಿಂತ ಬೂದಿ ಬಳಿದಂಥ ಮೊಗ್ಗಿಗೇ ಹೆಚ್ಚು ಒಪ್ಪುತ್ತದೆ.